ಗಾಳಿಯ ಕುಲಗೋತ್ರ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ರಾಯಚೂರಿನಲ್ಲಿ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ ೨೦ ಎಂದು ಇಟ್ಟುಕೊಳ್ಳೋಣ. ಅದೇ ಹೊತ್ತಿಗೆ ಮಂಗಳೂರಿನಲ್ಲಿ ೩೩ ಡಿಗ್ರಿ, ಆರ್ದ್ರತೆ ಶೇಕಡ ೬೫. ಯಾವ ಊರಿನ ಗಾಳಿ ಹೆಚ್ಚು ಬಿಸಿಯೆಂದು ಕೇಳಿದರೆ ಚಿಕ್ಕ ಮಕ್ಕಳೂ ಉತ್ತರ ಹೇಳಿಯಾರು. ಆದರೆ ಉಷ್ಣಮಾಪಕದ ಬುಡಕ್ಕೆ ಒದ್ದೆಯ ಅರಿವೆಯನ್ನು ಸುತ್ತಿ, ಗಾಳಿಯಾಡುವಲ್ಲಿಟ್ಟು ನೋಡಿದರೆ ರಾಯಚೂರಿನಲ್ಲಿ ಪಾದರಸವು ಸುಮಾರು ೨೩ ಡಿಗ್ರಿಗೆ ಇಳಿಯುವುದು. ಮಂಗಳೂರಿನಲ್ಲಿ ೨೭ರ ಮೇಲೆಯೇ ನಿಂತುಬಿಡುವುದು. ನಮ್ಮ ನಾಡಿನ ಹವೆಯನ್ನು ಅರಿಯಲು ಈ ಎರಡನೆಯ ಅಳತೆಯೇ ಹೆಚ್ಚು ಮುಖ್ಯವೆಂದೂ, ನಮ್ಮ ಪಾಠಗಳು ಮೊದಲನೆಯದಕ್ಕೆ ಅತಿಯಾದ ಮನ್ನಣೆ ಕೊಡುತ್ತಿವೆಯೆಂದೂ ನನ್ನ ಅಭಿಪ್ರಾಯ.

ವಿಶಾಲವಾದ ಸಮುದ್ರದ ಮೇಲಾಗಲಿ, ಮರುಭೂಮಿಯ ಮೇಲಾಗಲಿ ಹಲವು ದಿನ ತಂಗಿದ ಗಾಳಿಯು ಅಲ್ಲಿನ ಉಷ್ಣತೆಯನ್ನೂ ತೇವವನ್ನೂ ಮೈಗೂಡಿಸಿಕೊಳ್ಳುವುದು. ಸಾವಿರಾರು ಕಿಲೋಮೀಟರ್ ಹರಹಿನಲ್ಲಿ ಹೀಗೆ ಏಕರೂಪವಾದ ಗಾಳಿಗೆ ವಾಯುರಾಶಿಯೆಂದು ಹೆಸರು. ಬೇರೆ ನಾಡಿಗೆ ಹೊರಟಾಗ ಅದು ತವರಿನ ಗುಣವನ್ನು ಸಂಗಡ ಒಯ್ಯುತ್ತದೆ. ಎರಡು ವಾಯುರಾಶಿಗಳು ಸಂಧಿಸುವ ಗಡಿಯೇ ಮೋಡ ಮಳೆಗಳ ನೆಲೆಯೆಂಬ ತತ್ತ್ವವನ್ನು ಮೊದಲನೆಯ ಮಹಾಯುದ್ಧದ ಕೊನೆಯ ವೇಳೆಗೆ ನಾರ್ವೆಯ ಬೆರ್ಗೆನ್ ನಗರದಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಸಂಗಡಿಗರು ರೂಪಿಸಿದರು. ರಣರಂಗದ ನೆನಪಿನಿಂದಲೇ ಆ ಗಡಿಗೆ ‘ಫ್ರಂಟ್’ ಎಂಬ ಹೆಸರು ಬಂದಿತು. ಅವರ ನಾಡಿನಲ್ಲಿ ಧ್ರುವದ ಕಡೆಯ ಶೀತವಾಯುವಿಗೂ ದಕ್ಷಿಣದ ಬೆಚ್ಚನೆಯ ವಾಯುವಿಗೂ ಎಡೆಬಿಡದ ಕಲಹ. ಶೀತೋಷ್ಣಗಳ ಅಂತರವೇ ಅಲ್ಲಿ ಪ್ರಧಾನ. ಉತ್ತರ ಭಾರತದ ಚಳಿಗಾಲದ ಮಳೆಗೆ ಆ ಚಿತ್ರವು ತಕ್ಕಮಟ್ಟಿಗೆ ಒಪ್ಪೀತು. ಆದರೆ ದಖ್ಖನಿನ ವಿದ್ಯಾರ್ಥಿ ಅದನ್ನೇ ಕಂಠಪಾಠ ಮಾಡಿ, ತನ್ನ ಊರಿನ ಆಕಾಶದಲ್ಲಿ ಹುಡುಕಿದರೆ ಎಲ್ಲಿ ಸಿಕ್ಕೀತು?

ನಮ್ಮಲ್ಲಿ ಕಲಹವು ಒಣಗಾಳಿಗೂ ತೇವದ ಗಾಳಿಗೂ ನಡುವೆ. ಮೇಲಿನ ಲೆಕ್ಕದ ರಾಯಚೂರಿನ ಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು ೧೦ ಗ್ರಾಂ ನೀರಾವಿ ಇದ್ದರೆ, ಮಂಗಳೂರಿನದರಲ್ಲಿ ಸುಮಾರು ೨೩ ಗ್ರಾಂ ಇರುವುದು. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು ೫೮೦ ಕ್ಯಾಲೊರಿ ಶಾಖವು ಹೊರಬೀಳುತ್ತದೆ. ಮೋಡವನ್ನು ಮೇಲಕ್ಕೆ ನೂಕುವ ಇಂಧನವೇ ಅದು. ಬೇಸಗೆಯ ಕೊನೆಯಲ್ಲಿ ವಾಯವ್ಯದ ಒಣಗಾಳಿ ಒಂದು ಕಡೆಯಿಂದ, ಕಡಲಿನ ತೇವದ ಗಾಳಿ ಇನ್ನೊಂದು ಕಡೆಯಿಂದ ಬಂದು ಒಳನಾಡಿನ ಮೇಲೆ ಎದುರಾಗುವುವು. ಹಲವು ವೇಳೆ ಒಣಗಾಳಿಯು ತೇವದ ಗಾಳಿಯ ಮೇಲೆ ಮುಚ್ಚಳದಂತೆ ಕವಿದು, ಅದು ಏರದಂತೆ ತಡೆಯುವುದು. ಸಂಜೆಯ ವೇಳೆಗೆ ಮುಚ್ಚಳವು ಒಡೆಯಿತೆಂದರೆ, ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಸಿಡಿದು ಮೋಡವು ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಏರಬಲ್ಲದು. ನಮ್ಮ ರೈತರು ಭರಣಿ, ಕೃತ್ತಿಕೆಗಳ ಹೆಸರಿನಲ್ಲಿ ಕಾಯುವ ಮಳೆ ಬಹುಮಟ್ಟಿಗೆ ಇಂಥದೇ.

ಇದನ್ನು ಕೇವಲ ಪರೀಕ್ಷೆಯ ಪ್ರಶ್ನೆಯೆಂದು ಎಣಿಸಲಾಗದು. ಪ್ರತಿವರ್ಷವೂ ಈ ಗುಡುಗು ಮಳೆಗಳಲ್ಲಿ ಹೊಲದವರೂ ಕುರಿಗಾಹಿಗಳೂ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಕಡಲಿನ ಗಾಳಿಯ ಸೆಕೆಯೂ ಅಪಾಯಕರವೇ: ಬೆವರು ಆರದಿದ್ದರೆ ದೇಹವು ತಣಿಯದು. ಒದ್ದೆ ಅರಿವೆಯ ಅಳತೆಯು ೩೫ ಡಿಗ್ರಿ ಮುಟ್ಟಿ ಹಲವು ಗಂಟೆ ನಿಂತರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಬದುಕಲಾರನೆಂದು ೨೦೧೦ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಅದಕ್ಕಿಂತ ಕಡಮೆಯಲ್ಲಿಯೂ ಅಪಾಯವುಂಟೆಂದು ಅನಂತರದ ಪ್ರಯೋಗಗಳು ತಿಳಿಸಿವೆ. ಹೀಗಿರಲು ಪ್ರತಿ ಪ್ರೌಢಶಾಲೆಯಲ್ಲಿ ಎರಡು ಉಷ್ಣಮಾಪಕಗಳನ್ನೂ ಒಂದು ಚೂರು ಹತ್ತಿಬಟ್ಟೆಯನ್ನೂ ಇಟ್ಟು, ಗಾಳಿ ಬೀಸುವ ದಿಕ್ಕಿನೊಡನೆ ದಿನವೂ ಬರೆದಿಡುವ ಪದ್ಧತಿ ಏಕೆ ಬರಬಾರದು? ಖರ್ಚು ಒಂದು ಕ್ರಿಕೆಟ್ ಬ್ಯಾಟಿನಷ್ಟೂ ಆಗದು.

ಹಾಗೆ ಬರೆದಿಡುವವರಿಗೆ ಜೂನಿನಲ್ಲಿ ಒಂದು ಕೌತುಕವು ಕಾಣಿಸುವುದು. ಮುಂಗಾರು ನೆಲೆಗೊಂಡು ನಾಡೆಲ್ಲ ಕಡಲಿನ ಗಾಳಿಯ ವಶವಾದ ಮೇಲೆ ಎದುರಾಳಿಯೇ ಇಲ್ಲವಾಗುತ್ತದೆ. ಆಗ ಎರಡು ಉಷ್ಣಮಾಪಕಗಳ ನಡುವಣ ಅಂತರವು ಕುಗ್ಗುವುದು. ಆಗುಂಬೆಯಲ್ಲಿ ಹಗಲಿರುಳೂ ಮಳೆ ಸುರಿದರೂ ಗುಡುಗು ಅಪರೂಪವಾಗುವುದು.