ಗರುಡನ ಮುಂದೆ ಹಳೆಯ ಗಾಜು

ಬೆಳಗಿನ ಹೊತ್ತು ಮಡಿವಾಳ ಕೆರೆಯ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರಲ್ಲಿ ಕೆಲವರು ನಡೆಯುತ್ತಿದ್ದವರು ಥಟ್ಟನೆ ನಿಂತು ಆಕಾಶಕ್ಕೆ ಕೈಮುಗಿಯುವುದುಂಟು. ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡ ನೀರಿನ ಮೇಲೆ ಒಂದು ಸುತ್ತು ಹಾಕಿ ಹೋಗಿರುತ್ತದೆ. ಅದೇ ಏರಿಯ ಮೇಲೆ ಅದೇ ಹಕ್ಕಿಗಾಗಿ ಕಾಯುವ ಇನ್ನೊಂದು ಜಾತಿಯ ಭಕ್ತರೂ ಇದ್ದಾರೆ. ಅವರ ಎರಡೂ ಕೈಗಳು ಕ್ಯಾಮೆರಾದಲ್ಲಿ ಸಿಕ್ಕಿಕೊಂಡಿರುವುದರಿಂದ ಮುಗಿಯಲು ಬಿಡುವಿಲ್ಲ, ಅಷ್ಟೇ.

ಇವರಲ್ಲೂ ಹಟಮಾರಿಗಳೆಂದರೆ ಅಪ್ಪನ ಕಾಲದ ಲೆನ್ಸನ್ನು ಬೀರುವಿನಿಂದ ಹೊರತೆಗೆದು ತಂದವರು. ಆ ಲೆನ್ಸಿಗೆ ತಾನಾಗಿ ಫೋಕಸ್ ಮಾಡಲು ಬಾರದು. ಉಂಗುರವನ್ನು ಬೆರಳಿನಿಂದ ತಿರುಗಿಸಬೇಕು, ಬೆಳಕಿನ ಕಿಂಡಿಯನ್ನೂ ಕೈಯಿಂದಲೇ ಹಿಗ್ಗಿಸಿ ಕುಗ್ಗಿಸಬೇಕು. ಮರದ ಕೊಂಬೆಯ ಮೇಲೆ ಕುಳಿತ ಮೈನಾ ಹಕ್ಕಿಗಾದರೆ ಇದು ದೊಡ್ಡ ಸಂಗತಿಯಲ್ಲ. ಹಾರುವ ಬೇಟೆಹಕ್ಕಿಗೆ?

ಸ್ವಲ್ಪ ಲೆಕ್ಕ ಹಾಕೋಣ. 400 ಮಿಲಿಮೀಟರಿನ ಲೆನ್ಸು, ಕಿಂಡಿ ಎಫ್ 5.6, ಹಕ್ಕಿ 20 ಮೀಟರ್ ದೂರದಲ್ಲಿದೆ ಎನ್ನಿ. ಆಗ ಚಿತ್ರದಲ್ಲಿ ನಿಚ್ಚಳವಾಗಿ ಮೂಡುವ ಆಳ ಸುಮಾರು 80 ಸೆಂಟಿಮೀಟರ್ ಮಾತ್ರ. ರೆಕ್ಕೆ ಬಿಚ್ಚಿದ ಗರುಡನ ಅಗಲವೇ ಒಂದು ಮೀಟರಿಗೂ ಹೆಚ್ಚು. ಅದು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ನಿಮ್ಮ ಕಡೆಗೇ ಬಂದರೆ ಆ 80 ಸೆಂಟಿಮೀಟರನ್ನು ದಾಟಲು ಅದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಡ. ಕಣ್ಣು ನೋಡಿ, ಮನಸ್ಸು ತೀರ್ಮಾನಿಸಿ, ಬೆರಳು ಒತ್ತುವಷ್ಟರಲ್ಲಿ ಹಕ್ಕಿ ತಲೆಯ ಮೇಲಿರುತ್ತದೆ.

ಆದರೂ ನಮ್ಮ ನಾಡಿನ ಹೆಸರಾಂತ ಹಕ್ಕಿಚಿತ್ರಗಳಲ್ಲಿ ಬಹುಪಾಲು ಹುಟ್ಟಿದ್ದು ಇಂಥ ಲೆನ್ಸುಗಳಿಂದಲೇ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ರಾಜಕಾರಣದ ನಡುವೆಯೂ ಕಾಡು ಬಿಡದ ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಕಾಫಿ ತೋಟದಲ್ಲಿ ಕುಳಿತ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಕೈಬೆರಳಿನಿಂದ ಫೋಕಸ್ ಮಾಡುವ ಕಾಲದಲ್ಲಿ ಪಳಗಿದವರು. ಒಂದು ರೋಲಿಗೆ 36 ಚಿತ್ರ. ಅದು ಮುಗಿದು, ಡೆವಲಪ್ ಆಗಿ ಬರುವವರೆಗೆ ಏನು ಸಿಕ್ಕಿದೆ ಎಂಬುದು ದೇವರಿಗೇ ಗೊತ್ತು. ತಪ್ಪು ತಿಳಿಯುವ ಹೊತ್ತಿಗೆ ತಿದ್ದಿಕೊಳ್ಳುವ ಅವಕಾಶವೂ ಹಾರಿಹೋಗಿರುತ್ತಿತ್ತು.

ಹೊರದೇಶಗಳಲ್ಲಿ ಇದಕ್ಕೆ ಬಗೆಬಗೆಯ ಉಪಾಯ ಹುಡುಕಿದರು. ಜರ್ಮನಿಯ ನೊವೊಫ್ಲೆಕ್ಸ್ ಕಂಪನಿ ಪಿಸ್ತೂಲಿನಂಥ ಹಿಡಿಯನ್ನು ಹಿಸುಕಿದರೆ ಫೋಕಸ್ ಆಗುವ ಲೆನ್ಸ್ ತಂದಿತು. ಸೋವಿಯತ್ ರಷ್ಯಾದವರು 1965ರಲ್ಲಿ ಜೆನಿಟ್ ಕ್ಯಾಮೆರಾಕ್ಕೆ 300 ಮಿಲಿಮೀಟರಿನ ಲೆನ್ಸ್ ಜೋಡಿಸಿ, ಕೆಳಗೆ ಬಂದೂಕಿನ ಹಿಡಿ ಕೊಟ್ಟು, ‘ಫೋಟೋಸ್ನೈಪರ್’ ಎಂದು ಹೆಸರಿಟ್ಟರು. ಭುಜಕ್ಕೆ ಒರಗಿಸಿ ಗುರಿಯಿಡುವ ಈ ಯಂತ್ರ ದೂರದಿಂದ ನೋಡಿದವರಿಗೆ ನಿಜವಾದ ಬಂದೂಕಿನಂತೆಯೇ ಕಾಣುತ್ತದೆ.

ಕಾಲ ಬದಲಾದದ್ದು 1985ರಲ್ಲಿ. ಮಿನೋಲ್ಟಾ 7000 ಕ್ಯಾಮೆರಾ ತಾನೇ ಫೋಕಸ್ ಮಾಡತೊಡಗಿತು. ಎರಡು ವರ್ಷಗಳ ನಂತರ ಕ್ಯಾನನ್ ತನ್ನ ಇಓಎಸ್ ಮಾದರಿಗಾಗಿ ಲೆನ್ಸ್ ಕೂರುವ ಉಂಗುರವನ್ನೇ ಬದಲಿಸಿದಾಗ ಅದರ ಹಳೆಯ ಎಫ್‌ಡಿ ಲೆನ್ಸುಗಳು ಒಂದೇ ಏಟಿಗೆ ಅನಾಥವಾದವು. ಅವು ಮತ್ತೆ ಬೆಳಕು ಕಂಡದ್ದು ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳು ಬಂದಮೇಲೆ. ಇದರ ಗುಟ್ಟು ಸರಳ. ಹಳೆಯ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಏಳುತ್ತ ಬೀಳುತ್ತ ಇತ್ತು. ಅದಕ್ಕೆ ಜಾಗ ಬೇಕಿದ್ದರಿಂದ ಲೆನ್ಸಿನ ಬುಡಕ್ಕೂ ಫಿಲಂಗೂ ನಡುವೆ ನಿಕಾನಿನಲ್ಲಿ 46.5 ಮಿಲಿಮೀಟರ್, ಕ್ಯಾನನ್ ಎಫ್‌ಡಿಯಲ್ಲಿ 42 ಮಿಲಿಮೀಟರ್ ಅಂತರವಿತ್ತು. ಕನ್ನಡಿ ಹೋದಮೇಲೆ ಸೋನಿಯಲ್ಲಿ ಈ ಅಂತರ 18ಕ್ಕೆ, ನಿಕಾನ್ ಝಡ್‌ನಲ್ಲಿ 16ಕ್ಕೆ ಇಳಿಯಿತು. ಮಿಕ್ಕ ಜಾಗಕ್ಕೆ ಒಂದು ಟೊಳ್ಳು ಲೋಹದ ಉಂಗುರ ಹಾಕಿದರೆ ಹಳೆಯ ಗಾಜು ಹೊಸ ಕ್ಯಾಮೆರಾದ ಮೇಲೆ ಸಲೀಸಾಗಿ ಕೂರುತ್ತದೆ. ಸಾಲದ್ದಕ್ಕೆ, ಫೋಕಸ್ ಆದ ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಅನುಕೂಲವೂ ಇದೆ.

ಉಪಕರಣದ ಮಾತು ಇಷ್ಟು ಸಾಕು. ನಿಜವಾದ ವಿದ್ಯೆ ಇರುವುದು ಬೇರೆಡೆ. ಹಕ್ಕಿಯ ಹಿಂದೆ ಉಂಗುರ ತಿರುಗಿಸುತ್ತ ಓಡಿದವರಿಗೆ ಹಕ್ಕಿ ಸಿಕ್ಕುವುದಿಲ್ಲ. ಹಕ್ಕಿ ಎಲ್ಲಿಗೆ ಬರುತ್ತದೆಂದು ತಿಳಿದು ಅಲ್ಲಿ ಮೊದಲೇ ಫೋಕಸ್ ಮಾಡಿ ಕಾದವರಿಗೆ ಸಿಕ್ಕುತ್ತದೆ. ಹೀಗೆ ಕಾಯಬೇಕಾದರೆ ಅದರ ದಿನಚರಿ ಗೊತ್ತಿರಬೇಕು. ಬೆಳಗಿನ ತಂಪಿನಲ್ಲಿ ಹದ್ದುಗಳು ಕೊಂಬೆಯ ಮೇಲೋ ಕಂಬದ ಮೇಲೋ ರೆಕ್ಕೆ ಕೊಡವುತ್ತ ಕುಳಿತಿರುತ್ತವೆ. ಬಿಸಿಲೇರಿ ನೆಲ ಕಾದು ಗಾಳಿ ಮೇಲೇಳತೊಡಗಿದಾಗ ಅದನ್ನೇ ಏಣಿ ಮಾಡಿಕೊಂಡು ಸುತ್ತುತ್ತ ಮೇಲಕ್ಕೆ ಹೋಗುತ್ತವೆ. ಕೊಂಬೆ ಬಿಟ್ಟು ಹಾರುವಾಗ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಹಾರುತ್ತವೆ. ಆದ್ದರಿಂದ ಗಾಳಿ ಮತ್ತು ಸೂರ್ಯ ಎರಡೂ ಬೆನ್ನಿಗಿರುವ ಕಡೆ ನಿಂತವನಿಗೆ ಅರ್ಧ ಕೆಲಸ ಮುಗಿದಂತೆಯೇ. ಎದುರಿಗೆ ಬರುವ ಹಕ್ಕಿಗಿಂತ ಅಡ್ಡ ಹಾಯುವ ಹಕ್ಕಿ ಸುಲಭ, ಏಕೆಂದರೆ ದೂರ ಹೆಚ್ಚು ಬದಲಾಗುವುದಿಲ್ಲ.

ಬೆಳಕಿನ ಲೆಕ್ಕವೂ ಹಳಬರಿಗೆ ಬಾಯಿಪಾಠ. 100 ವೇಗದ ಫಿಲಂ, ನಿಚ್ಚಳ ಬಿಸಿಲು ಇದ್ದರೆ ಎಫ್ 16ರಲ್ಲಿ ಸೆಕೆಂಡಿನ 125ನೆಯ ಒಂದು ಭಾಗ; ಕಿಂಡಿಯನ್ನು 5.6ಕ್ಕೆ ತೆರೆದರೆ ಸಾವಿರದ ಒಂದು ಭಾಗ. ಮೀಟರನ್ನು ಬೆಳ್ಳನೆಯ ಆಕಾಶಕ್ಕೆ ಹಿಡಿದರೆ ಹದ್ದು ಮಸಿಬೊಂಬೆಯಾಗುತ್ತದೆ. ಬಿಸಿಲು ಬಿದ್ದ ಹುಲ್ಲಿಗೆ ಹಿಡಿದರೆ ಅದರ ಕಂದು ಗರಿಗಳು ಕಾಣುತ್ತವೆ.

ಹೀಗೆ ಕಾಯುವವರಿಗೆ ಚಿತ್ರದ ಜೊತೆಗೆ ಇನ್ನೊಂದು ಲಾಭವಿದೆ. ಅವರು ಹಕ್ಕಿಯನ್ನು ಗುರುತಿಸಲು ಕಲಿಯುತ್ತಾರೆ. ಗರುಡನ ಮರಿಗೆ ಬಿಳಿ ಎದೆಯಿಲ್ಲ. ಕಂದು ಮೈಯ ಅದನ್ನು ಹದ್ದೆಂದೇ ತಿಳಿಯುವವರು ಬಹಳ. ಬಾಲ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡನದು ದುಂಡಗೆ. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಕೆರೆಗಳಿಗೆ ವಲಸೆ ಬರುವ ಸೆಳೆವ ಹಕ್ಕಿ ಜೊಂಡಿನ ಮೇಲೆ ತಗ್ಗಿನಲ್ಲಿ ತೇಲುವಾಗ ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎತ್ತಿ ಹಿಡಿದಿರುತ್ತದೆ. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆದು ಮನೆಗೆ ಹೋಗಿ ಆರಿಸಿಕೊಳ್ಳುವವನು ಇದನ್ನೆಲ್ಲ ಕಂಪ್ಯೂಟರಿನ ಮುಂದೆ ನೋಡಬಹುದು; ಇವನು ಏರಿಯ ಮೇಲೇ ನೋಡಿರುತ್ತಾನೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆನ್ನುವಂತಿಲ್ಲ. ಲೆನ್ಸಿನ ಶಕ್ತಿ ಕಡಿಮೆಯಿದ್ದ ಕಾಲದಲ್ಲಿ ಹತ್ತಿರ ಹೋಗದೆ ಗತಿಯಿರಲಿಲ್ಲ. ಹಕ್ಕಿ ಖಂಡಿತ ಬರುವ ಜಾಗವೆಂದರೆ ಗೂಡು. ಗೂಡಿನೆದುರು ಅಟ್ಟಣೆ ಕಟ್ಟಿ, ಮರೆಯಲ್ಲಿ ಕುಳಿತು ಚಿತ್ರ ತೆಗೆಯುವುದು ಅಂದು ಎಲ್ಲ ದೇಶಗಳಲ್ಲೂ ಒಪ್ಪಿತವಾಗಿದ್ದ ಕ್ರಮ. ಗೂಡಿನ ಬಳಿ ಮನುಷ್ಯ ಸುಳಿದರೆ ತಾಯಿಹಕ್ಕಿ ಎದ್ದು ಹೋಗುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗೆ ದಾರಿಯಾಗುತ್ತದೆ ಎಂಬ ಅರಿವು ಬೆಳೆದಂತೆ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಒಪ್ಪದಾದವು. ಇಂದು ಅದರ ಜಾಗಕ್ಕೆ ಬಂದಿರುವ ಅಡ್ಡದಾರಿ ಮಾಂಸದ ಚೂರು. ಎಸೆದರೆ ಹದ್ದು ಬರುತ್ತದೆ, ಫೋಕಸ್ ಮಾಡಿಟ್ಟ ಜಾಗಕ್ಕೇ ಬರುತ್ತದೆ. ಚಿತ್ರ ಸಿಕ್ಕುತ್ತದೆ, ನಿಜ. ಆದರೆ ಆ ಚಿತ್ರದಲ್ಲಿರುವುದು ಬೇಟೆಯಾಡುವ ಹಕ್ಕಿಯಲ್ಲ, ಎಸೆದದ್ದನ್ನು ಎತ್ತಿಕೊಂಡ ಹಕ್ಕಿ. ಕೈಲೆನ್ಸಿನ ಕಷ್ಟವನ್ನು ಬೇಕೆಂದೇ ಹೊತ್ತವನು ಹೀಗೆ ಮಾಡಿದರೆ, ಉಪವಾಸದ ದಿನ ಹಿತ್ತಿಲಲ್ಲಿ ನಿಂತು ದೋಸೆ ತಿಂದಂತೆ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದಷ್ಟು ತೆಳ್ಳಗಿದೆ. ಗಾಜಿನಪುಡಿ ಹಚ್ಚಿದ ಮಾಂಜಾ ದಾರವನ್ನು ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಆದರೂ ಮರಗಳಲ್ಲಿ, ತಂತಿಗಳಲ್ಲಿ ಸಿಕ್ಕಿ ನೇತಾಡುವ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಬೀಳುವ ಹದ್ದುಗಳಿಗೆ ಕೊನೆಯಿಲ್ಲ. ಉದ್ದದ ಲೆನ್ಸ್ ಹಿಡಿದು ಮರವನ್ನು ಗಂಟೆಗಟ್ಟಲೆ ನೋಡುವವನ ಕಣ್ಣಿಗೆ ಇಂಥ ದಾರ ಎಲ್ಲರಿಗಿಂತ ಮೊದಲು ಬೀಳುತ್ತದೆ. ಅಂದು ಒಂದು ಚಿತ್ರ ಕಡಿಮೆಯಾದರೂ ಸರಿ, ಒಂದು ದಾರ ಬಿಡಿಸಿ ಬಂದರೆ ಅದೂ ಹಕ್ಕಿಯ ಕೆಲಸವೇ.

ಇನ್ನು ಕೆರೆ. ಮಡಿವಾಳ ಕೆರೆಯ ವಿಸ್ತಾರ 250 ಎಕರೆಗೂ ಮೀರಿದ್ದು. ಸುತ್ತ ಬಿಟಿಎಂ ಬಡಾವಣೆಯ ಮನೆಗಳು, ಆಚೆ ಸಿಲ್ಕ್ ಬೋರ್ಡಿನ ವಾಹನಗಳ ಗದ್ದಲ. ನಡುವೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ. ಗರುಡನಿಗೆ ಬೇಕಾದದ್ದು ಎರಡೇ: ಮೀನಿರುವ ನೀರು, ಗೂಡಿಗೊಂದು ಎತ್ತರದ ಮರ. ಕೊಳಚೆ ನುಗ್ಗಿ ಮೀನು ಸತ್ತರೆ, ರಸ್ತೆಗಾಗಿ ಮರ ಉರುಳಿದರೆ, ಹಳೆಯ ಗಾಜಾಗಲಿ ಹೊಸ ಗಾಜಾಗಲಿ ತೋರಿಸಬೇಕಾದದ್ದು ಬರಿಯ ಆಕಾಶವನ್ನೇ.

ಅಲ್ಲಿಯವರೆಗೆ ಏರಿಯ ಮೇಲೆ ಇಬ್ಬರೂ ಇರಲಿ, ಕೈಮುಗಿಯುವವರೂ ಕ್ಯಾಮೆರಾ ಹಿಡಿದವರೂ. ಇಬ್ಬರೂ ಕಾಯುವುದು ಒಂದೇ ಹಕ್ಕಿಗೆ. ಅದು ಬಂದು ಹೋದಮೇಲೆ ಚಿತ್ರ ಅಲುಗಿದೆಯೋ ಇಲ್ಲವೋ ಎಂಬ ಚಿಂತೆ ಒಬ್ಬರಿಗೆ ಮಾತ್ರ.