ಭಂಡಾರಿಯ ಊರಿನಲ್ಲಿ ಲೆಕ್ಕ ಕೇಳುವವರು ಯಾರು?

ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ, ರಾಜನ ಬೊಕ್ಕಸವನ್ನು ಜಂಗಮರಿಗೆ ಸೋರಿಸುತ್ತಿದ್ದಾರೆಂಬ ದೂರು ಬಂದಿತೆಂದೂ, ಅವರು ಭಂಡಾರವನ್ನೇ ತೆರೆಸಿ ಲೆಕ್ಕ ಒಪ್ಪಿಸಿದರೆಂದೂ ಪುರಾಣಗಳು ಹೇಳುತ್ತವೆ. ಎಣಿಸಿದಾಗ ಒಂದು ಹೊನ್ನೂ ಕಡಮೆಯಿರಲಿಲ್ಲವಂತೆ. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಭಂಡಾರಿಯೂ ಲೆಕ್ಕ ಕೊಡಬೇಕು, ಬಡವಿಯೂ ಲೆಕ್ಕ ಕೇಳಬಹುದು ಎಂಬುದು ಆ ನೆಲ ನಾಡಿಗೆ ಕಲಿಸಿದ ಪಾಠ. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಶರಣರ ಕಲ್ಯಾಣವನ್ನು ನೆನಪಿಸುವ ಹೆಸರೇನೋ ಬಂದಿತು, ಪಾಠ ಬಂದಿತೇ?

ಮಲೆನಾಡಿನ ಓದುಗರಿಗೆ ಬೀದರ್ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ್ ದೂರದ ಊರುಗಳು. ಆದರೆ ಪ್ರಶ್ನೆ ದೂರದ್ದಲ್ಲ. 1991ರ ಕಾಯ್ದೆಯಡಿ ರಚನೆಯಾಗಿ ಶಿವಮೊಗ್ಗದಲ್ಲಿ ಕಚೇರಿ ಹೊಂದಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯೂ, ಕಲಬುರಗಿಯಲ್ಲಿ ಕಚೇರಿ ಹೊಂದಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಒಂದೇ ಜಾತಿಯ ಸಂಸ್ಥೆಗಳು. ಪ್ರದೇಶದ ಹೆಸರಿನಲ್ಲಿ ಹಣ ಬರುತ್ತದೆ, ಕಾಮಗಾರಿಗಳ ಪಟ್ಟಿ ಮೇಲಿನಿಂದ ಇಳಿಯುತ್ತದೆ, ಹಳ್ಳಿಗೆ ಫಲಕ ತಲುಪುತ್ತದೆ. ಹೆಚ್ಚು ಹಣವಿರುವ ಮಂಡಳಿಯನ್ನು ಪರೀಕ್ಷಿಸಿದರೆ ಎರಡರ ದೋಷವೂ ಕಾಣುತ್ತದೆ.

ಕಲಬುರಗಿಯ ಮಂಡಳಿಗೆ ಸಂವಿಧಾನದ ಬಲವಿದೆ. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ, 2012ರ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದಿತು. ಅದು ಮೂರು ಮಾತುಗಳನ್ನು ಹೇಳುತ್ತದೆ: ಪ್ರತ್ಯೇಕ ಮಂಡಳಿಯಿರಬೇಕು ಮತ್ತು ಅದರ ಕಾರ್ಯನಿರ್ವಹಣೆಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು, ಅಭಿವೃದ್ಧಿ ವೆಚ್ಚದ ಹಣ ನ್ಯಾಯಯುತವಾಗಿ ಹಂಚಿಕೆಯಾಗಬೇಕು, ಸರ್ಕಾರಿ ಉದ್ಯೋಗ, ಶಿಕ್ಷಣ, ವೃತ್ತಿತರಬೇತಿಗಳಲ್ಲಿ ಸಮಾನ ಅವಕಾಶವಿರಬೇಕು. ಮೊದಲನೆಯ ಮಾತಿನಲ್ಲಿಯೇ ಲೆಕ್ಕ ಕೊಡುವ ಕರ್ತವ್ಯವಿದೆ ಎಂಬುದನ್ನು ಗಮನಿಸಬೇಕು. ಹಣದ ಮಾತು ಬಂದಿರುವುದು ಅದರ ನಂತರ.

ಈಗ ಹಣವನ್ನು ನೋಡೋಣ. ಮಂಡಳಿಗೆ ಘೋಷಿಸಿದ ಅನುದಾನ 2022-23ರಲ್ಲಿ 3,000 ಕೋಟಿ ರೂಪಾಯಿ, 2023-24ರಲ್ಲಿ 5,000 ಕೋಟಿ. ಪ್ರದೇಶದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 1.12 ಕೋಟಿ. ತಲೆಗೆ ಹಂಚಿದರೆ ವರ್ಷಕ್ಕೆ ಸುಮಾರು 4,450 ರೂಪಾಯಿ. ಐದು ಜನರ ಕುಟುಂಬಕ್ಕೆ 22,000 ದಾಟುತ್ತದೆ. ಆದರೆ ಘೋಷಿಸಿದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಮೂರು ಬೇರೆ ಬೇರೆ ಅಂಕಿಗಳು. ವೇದಿಕೆಯ ಮೇಲೆ ಮೊದಲನೆಯದು ಮಾತ್ರ ಮೊಳಗುತ್ತದೆ. ಬಸವಕಲ್ಯಾಣದ ಒಂದು ಹಳ್ಳಿಯ ರೈತನಿಗೆ ಬೇಕಾದ ನಾಲ್ಕನೆಯ ಅಂಕಿ ಯಾವ ಭಾಷಣದಲ್ಲಿಯೂ ಇರುವುದಿಲ್ಲ: ಆ ಹಣದಿಂದ ಅವನೂರಿನಲ್ಲಿ ಎಷ್ಟು ಜನರಿಗೆ ಎಷ್ಟು ದಿನ ಕೆಲಸ ಸಿಕ್ಕಿತು?

ಈ ಪ್ರಶ್ನೆ ಹೊಸದೇನಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ಆ 39ರಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಅನಂತರ ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪ ತಾಲೂಕುಗಳು ಬೇರ್ಪಟ್ಟವು. ತಾಲೂಕಿನ ಗಡಿಯೇ ಬದಲಾದರೂ ಹಿಂದುಳಿದಿರುವಿಕೆಯನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ರಚನೆಯಾದದ್ದು 2024ರಲ್ಲಿ. ಎರಡು ದಶಕಗಳ ಕಾಲ ಜ್ವರ ನೋಡದೆ ಔಷಧ ಕೊಟ್ಟ ವೈದ್ಯನನ್ನು ಊರು ಏನೆಂದು ಕರೆಯುತ್ತದೆ?

ಉದ್ಯೋಗದ ವಿಷಯಕ್ಕೆ ಬಂದರೆ, 371(ಜೆ) ಅಡಿಯ 2013ರ ಆದೇಶದಂತೆ ಪ್ರಾದೇಶಿಕ ವೃಂದದ ಹುದ್ದೆಗಳಲ್ಲಿ ದರ್ಜೆಗನುಗುಣವಾಗಿ ಶೇ. 75ರಿಂದ 85ರಷ್ಟು, ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8ರಷ್ಟು ಸ್ಥಳೀಯರಿಗೆ ಮೀಸಲು. ಇದು ದೊಡ್ಡ ಗಳಿಕೆಯೇ ಸರಿ. ಆದರೆ ಮೀಸಲಾತಿಯ ಪ್ರಮಾಣ ಎಷ್ಟೇ ಇರಲಿ, ಹುದ್ದೆಯನ್ನು ತುಂಬದಿದ್ದರೆ ಸ್ಥಳೀಯನ ಪಾಲು ಶೂನ್ಯ. ಪದವಿ ಮುಗಿಸಿದ ಹುಡುಗ ಅಧಿಸೂಚನೆಗಾಗಿ ಕಾದು ವಯೋಮಿತಿ ದಾಟುತ್ತಾನೆ. ಓದದವನು ಹೆದ್ದಾರಿಗೆ ಬಂದು ಬಸ್ಸು ಹತ್ತುತ್ತಾನೆ. ಹುಮನಾಬಾದಿನ ಮೂಲಕ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿ ಒಂದು ತುದಿಗೆ ಪುಣೆ, ಇನ್ನೊಂದು ದಿಕ್ಕಿಗೆ ಹೈದರಾಬಾದ್. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗವೂ ತೆರೆಯಿತು. ದಾರಿಗಳು ಬೇಕು. ಊರಿನಲ್ಲಿ ಕೆಲಸವಿಲ್ಲದಾಗ ಮಾತ್ರ ಎಲ್ಲ ದಾರಿಯೂ ಊರು ಬಿಡುವ ದಾರಿಯಾಗುತ್ತದೆ.

ಕೆಲಸ ಎಲ್ಲಿದೆ? ಆ ನೆಲದಲ್ಲಿಯೇ ಇದೆ. ಈ ಎರಡು ತಾಲೂಕುಗಳ ಎತ್ತರದ ಭೂಮಿ ಗೋದಾವರಿ ಮತ್ತು ಕೃಷ್ಣಾ ಕೊಳ್ಳಗಳ ನಡುವಣ ದಿಣ್ಣೆ. ಒಂದು ಪಕ್ಕಕ್ಕೆ ಬಿದ್ದ ಮಳೆ ಕಾರಂಜಾ, ಮಾಂಜ್ರಾ ಮೂಲಕ ಗೋದಾವರಿಗೆ ಸೇರುತ್ತದೆ; ಇನ್ನೊಂದು ಪಕ್ಕದ್ದು ಮುಲ್ಲಾಮಾರಿ, ಕಾಗಿಣಾ, ಭೀಮಾ ಮೂಲಕ ಕೃಷ್ಣೆಗೆ. ಇಂಥ ನೆತ್ತಿಯ ಮೇಲೆ ಬದು, ಕೆರೆ, ಗೋಮಾಳದ ಗಿಡಮರಗಳಿಗೆ ಹಾಕಿದ ರೂಪಾಯಿ ಕೂಲಿಯಾಗಿಯೂ ನೀರಾಗಿಯೂ ಎರಡು ಬಾರಿ ದುಡಿಯುತ್ತದೆ. ಗುತ್ತಿಗೆದಾರನ ಕಾಂಕ್ರೀಟ್ ಕಾಮಗಾರಿಗೆ ಹಾಕಿದ ರೂಪಾಯಿಯ ದೊಡ್ಡ ಪಾಲು ಸಿಮೆಂಟು, ಕಬ್ಬಿಣ, ಜೆಸಿಬಿಗಳ ಜತೆ ಹೊರಗೆ ಹೋಗುತ್ತದೆ.

ಬೀದರಿಗೆ ಬೇರೆ ದಾರಿಯ ಅನುಭವವೂ ಇದೆ. 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಕಾಯ್ದೆ ಜಾರಿಯಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ಬೀದರ್ ಒಂದು. ಆ ಕಾಯ್ದೆಯಲ್ಲಿ ಗುತ್ತಿಗೆದಾರರಿಗೆ ಜಾಗವಿರಲಿಲ್ಲ; ವೆಚ್ಚದಲ್ಲಿ ಕನಿಷ್ಠ ಶೇ. 60 ಕೂಲಿಗೇ ಹೋಗಬೇಕಿತ್ತು. ಗ್ರಾಮಸಭೆ ಸಾಮಾಜಿಕ ಪರಿಶೋಧನೆ ನಡೆಸಬೇಕಿತ್ತು. ಜಾರಿಯಲ್ಲಿ ಸಾವಿರ ಲೋಪಗಳಿದ್ದವು. ಆದರೂ ಕೂಲಿಕಾರನಿಗೆ ಲೆಕ್ಕದ ಪುಸ್ತಕ ಕೇಳುವ ಹಕ್ಕಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಬೇರೊಂದು ಕಾಯ್ದೆಯನ್ನು ತಂದಿತು. ಹಳೆಯ ಕಾಯ್ದೆ ಹೋದರೂ ಅದು ಕಲಿಸಿದ ಲೆಕ್ಕ ಕೇಳುವ ಪದ್ಧತಿಯನ್ನು ಮಂಡಳಿ ಅಳವಡಿಸಿಕೊಳ್ಳಲು ಅಡ್ಡಿಯೇನು?

ಉದ್ಯೋಗವೆಂದರೆ ಕಾರ್ಖಾನೆ ಎನ್ನುವವರು ಹುಮನಾಬಾದಿನ ಕೈಗಾರಿಕಾ ಪ್ರದೇಶವನ್ನು ನೋಡಬೇಕು. ರಾಸಾಯನಿಕ ಘಟಕಗಳ ದುರ್ವಾಸನೆ ಮತ್ತು ಕೆಟ್ಟ ನೀರಿನ ಬಗ್ಗೆ ಸುತ್ತಲ ಹಳ್ಳಿಗಳು ದೂರುತ್ತ ಬಂದಿವೆ. ಹತ್ತು ಮಂದಿಗೆ ಸಂಬಳ ಕೊಟ್ಟು ನೂರು ಮಂದಿಯ ಬಾವಿ ಕೆಡಿಸಿದರೆ ಅದು ಉದ್ಯೋಗದ ಲೆಕ್ಕದಲ್ಲಿ ನಷ್ಟವೇ. ಕೆಟ್ಟ ಬಾವಿಯೊಂದಿಗೆ ರೈತನ ಕೆಲಸವೂ ಹೋಗುತ್ತದೆ.

ಬಸವಕಲ್ಯಾಣದಲ್ಲಿ ಇನ್ನೊಂದು ಲೆಕ್ಕವಿದೆ. ಅಲ್ಲಿ 2005ರ ಕಾಯ್ದೆಯ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಉಂಟು. ಸುಮಾರು 500 ಕೋಟಿ ರೂಪಾಯಿ ಅಂದಾಜಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಿಲಾನ್ಯಾಸವಾಯಿತು. ಏಪ್ರಿಲಿನಲ್ಲಿ ಉಪಚುನಾವಣೆ ನಡೆಯಿತು. ಶರಣರ ಸ್ಮಾರಕವನ್ನು ಬೇಡವೆನ್ನುವವರಿಲ್ಲ. ಕಾಯಕವನ್ನು ಬೋಧಿಸಿದವರ ಮಂಟಪ ಎದ್ದಾಗ ಅದರ ಸುತ್ತಲಿನ ಎಷ್ಟು ಕೈಗಳಿಗೆ ಶಾಶ್ವತ ಕಾಯಕ ಸಿಗುವುದೆಂದು ಕೇಳುವುದು ಶರಣರಿಗೆ ಒಪ್ಪಿತವಾದ ಪ್ರಶ್ನೆಯೇ.

ಹಿಂದುಳಿದ ಪ್ರದೇಶಕ್ಕೆ ಬಂದ ಹಣವನ್ನು ಪ್ರಶ್ನಿಸಿದರೆ ಹಣವೇ ನಿಂತೀತು ಎಂದು ಹಲವರು ಅಂಜಿಸುತ್ತಾರೆ. ಈ ಅಂಜಿಕೆಯ ಲಾಭ ಪಡೆಯುವವನು ಗುತ್ತಿಗೆದಾರ, ರೈತನಲ್ಲ. ಹೋರಾಡಿ ಪಡೆದ ಹಕ್ಕಿನ ಹಣಕ್ಕೆ ಲೆಕ್ಕ ಕೇಳುವುದೂ ಆ ಹೋರಾಟದ ಮುಂದುವರಿಕೆಯೇ. ಮಂಡಳಿ ಶಿಕ್ಷಣಕ್ಕೆ ಅನುದಾನ ಮೀಸಲಿಟ್ಟಿರುವುದು ಒಳ್ಳೆಯದು. ಆ ಶಾಲೆಗಳ ಲೆಕ್ಕವೂ ಪಾಲಕರ ಮುಂದೆ ಬರಲಿ.

ಬೇಡಿಕೆಗಳು ಸರಳ. ಪ್ರತಿ ಕಾಮಗಾರಿಯ ಮೊತ್ತ, ಗುತ್ತಿಗೆದಾರನ ಹೆಸರು ಮತ್ತು ಸಿಕ್ಕ ಕೂಲಿದಿನಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ವಿಧಾನಸಭೆಗೆ ಹೋಗುವ ವಾರ್ಷಿಕ ವರದಿಯ ತಾಲೂಕುವಾರು ಪ್ರತಿಯನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಬೇಕು. ಖಾಲಿ ಹುದ್ದೆಗಳ ಪಟ್ಟಿ ಮತ್ತು ತುಂಬುವ ದಿನಾಂಕ ಬಜೆಟ್ಟಿನ ಜತೆಗೇ ಪ್ರಕಟವಾಗಬೇಕು. ಇವುಗಳನ್ನು ಹುಮನಾಬಾದಿನ ವಿದ್ಯಾರ್ಥಿ ಕಲಬುರಗಿಗೆ ಬರೆದು ಕೇಳಲಿ, ತೀರ್ಥಹಳ್ಳಿಯ ವಿದ್ಯಾರ್ಥಿ ಶಿವಮೊಗ್ಗಕ್ಕೆ ಬರೆದು ಕೇಳಲಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.