ಹಿತ್ತಲಿಲ್ಲದ ಮನೆಗೂ ಕೈತೋಟ ಬೇಕು



ಹತ್ತಾರು ಎಕರೆ ತೊಗರಿ, ಜೋಳ ಬೆಳೆಯುವ ಮನೆಯವರೂ ಸಂತೆಯ ದಿನ ಚೀಲ ಹಿಡಿದು ಮೆಂತ್ಯೆ, ಕೊತ್ತಂಬರಿ, ಬದನೆ ಕೊಂಡು ತರುವುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ನೋಡುತ್ತಲೇ ಇದ್ದೇವೆ. ಎರಡು ದಿನಗಳಲ್ಲಿ ಆ ಸೊಪ್ಪು ಬಾಡುತ್ತದೆ. ಮುಂದಿನ ಸಂತೆಯವರೆಗೆ ರೊಟ್ಟಿಗೆ ಬೇಳೆ, ಹಿಂಡಿಯೇ ಗತಿ. ಕೈತೋಟ ಮಾಡಬಾರದೇ ಎಂದು ಕೇಳಿದರೆ, "ಹಿತ್ತಲೆಲ್ಲಿದೆ ಸಾಹೇಬರ?" ಎಂಬ ಉತ್ತರ ಬರುತ್ತದೆ.

ಈ ಮಾತಿನಲ್ಲಿ ಸತ್ಯವಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಊರು ಮುಳುಗಿದವರು ಪುನರ್ವಸತಿ ಕೇಂದ್ರಗಳ ಅಳತೆಯ ನಿವೇಶನಗಳಿಗೆ ಬಂದರು. ಮಕ್ಕಳ ಶಾಲೆಗಾಗಿ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಇರುವುದು ಫರಸಿ ಹಾಸಿದ ಚಿಕ್ಕ ಅಂಗಳ. ಆದರೆ ಸೊಪ್ಪಿಗೆ ಹಿತ್ತಲೇ ಬೇಕೆಂದಿಲ್ಲ. ಒಂದು ಗೇಣು ಆಳದ ಮಣ್ಣು, ನಾಲ್ಕೈದು ತಾಸು ಬಿಸಿಲು, ಸ್ವಲ್ಪ ನೀರು ಇದ್ದರೆ ಸಾಕು.

ಸಿಮೆಂಟಿನ ಚೀಲ, ಎಣ್ಣೆ ಡಬ್ಬಿ, ಹಳೆಯ ಬಕೆಟ್ಟು ಯಾವುದಾದರೂ ಆದೀತು. ತಳಕ್ಕೆ ನಾಲ್ಕಾರು ತೂತು ಮಾಡಿ ಹೆಂಚಿನ ಚೂರು ಹರಡಿರಿ. ಕೀಟನಾಶಕದ ಖಾಲಿ ಡಬ್ಬಿಯನ್ನು ಮಾತ್ರ, ಎಷ್ಟು ತೊಳೆದಿದ್ದರೂ, ಬಳಸಲೇಬಾರದು. ನಮ್ಮ ಎರೆ ಮಣ್ಣನ್ನಷ್ಟೇ ತುಂಬಿದರೆ ನೀರುಣಿಸಿದಾಗ ಕೆಸರಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಆದ್ದರಿಂದ 2 ಭಾಗ ಕೆಂಪು ಮಣ್ಣು, 1 ಭಾಗ ಮರಳು, 1 ಭಾಗ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿರಿ. ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಇಂಥ ಭಾರ ಹೇರಬೇಡಿರಿ.

ಮೆಂತ್ಯೆ, ರಾಜಗಿರಿ ಬಿತ್ತಿದ 25-30 ದಿನಗಳಲ್ಲಿ ಕೈಗೆ ಬರುತ್ತವೆ. ವಾರಕ್ಕೊಂದರಂತೆ 4 ಡಬ್ಬಿಗಳಲ್ಲಿ ಸರದಿಯಿಂದ ಬಿತ್ತಿದರೆ ವಾರ ವಾರವೂ ಸೊಪ್ಪು ಸಿಗುತ್ತದೆ. ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಕಿಗೆ ಒಂದು ಡಬ್ಬಿ, ಪುಂಡಿಪಲ್ಯಕ್ಕೆ ಒಂದು ಚೀಲ ಇರಲಿ. ಹೆಚ್ಚು ಬಿಸಿಲು ಬೀಳುವ ಮೂಲೆಯಲ್ಲಿ ಬದನೆ, ಮೆಣಸಿನ ಗಿಡ ನೆಡಿರಿ. ಬೇಸಿಗೆಯಲ್ಲಿ ಜೋಳದ ಕಣಿಕೆಯ ನೆರಳು ಮಾಡಿರಿ.

"ಕುಡಿಯಲಿಕ್ಕೇ ನೀರಿಲ್ಲ" ಎನ್ನುವವರುಂಟು. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಚೆಲ್ಲದೆ ಕೂಡಿಸಿಡಿರಿ. ನಾಲ್ಕಾರು ಡಬ್ಬಿಗಳಿಗೆ ಅದೇ ಬಹುಮಟ್ಟಿಗೆ ಸಾಕಾಗುತ್ತದೆ. ಸಾಬೂನಿನ ನೀರು ಸೊಪ್ಪಿಗೆ ಬೇಡ.

ಇದರಿಂದ ಉಳಿಯುವ ಹಣ ದೊಡ್ಡದಲ್ಲವೆಂಬುದು ನಿಜ. ಲಾಭ ಇರುವುದು ಊಟದ ತಾಟಿನಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಬೇಕೆಂದಿದೆ. ನಾಲ್ಕು ಡಬ್ಬಿಗಳು ಅಷ್ಟನ್ನು ಕೊಡಲಾರವು. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಕ್ಕಳ ಪಾಲಿಗೂ ಒಂದು ಹಿಡಿ ಹಸಿರು ಬರುತ್ತದೆ. ರಕ್ತಹೀನತೆ ಹೆಚ್ಚಾಗಿ ಕಾಡುವುದು ಅವರನ್ನೇ. ತೊಗರಿಗೋ ದ್ರಾಕ್ಷಿಗೋ ತಂದ ಔಷಧಿಯನ್ನು ಈ ಸೊಪ್ಪಿಗೂ ಸಿಂಪಡಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಕೀಟ ಕಂಡರೆ ಶೇ. 5ರ ಬೇವಿನ ಬೀಜದ ಕಷಾಯ ಸಾಕು. ಸಿಂಪಡಿಸಿದ ಸೊಪ್ಪನ್ನು ಕೆಲವು ದಿನ ಬಿಟ್ಟು, ತೊಳೆದು ಬಳಸಿರಿ.

ಕೊನೆಯದಾಗಿ ಒಂದು ಮಾತು. ಕೈತೋಟ ಹೆಂಗಸರ ಕೆಲಸವೆಂದು ಗಂಡಸರು ಕೈತೊಳೆದುಕೊಳ್ಳಬಾರದು. ಅವರಿಗೆ ಹೊಲ, ಒಲೆ, ದನಕರುಗಳ ದುಡಿಮೆ ಈಗಾಗಲೇ ಸಾಕಷ್ಟಿದೆ. ಹೊಲದಿಂದ ಬರುವಾಗ ಮಣ್ಣು, ಗೊಬ್ಬರ ತಂದು ಡಬ್ಬಿ ತುಂಬಿಡುವ ಕೆಲಸ ನಿಮ್ಮದಾಗಲಿ. ಈ ವಾರ ಒಂದೇ ಡಬ್ಬಿಯಲ್ಲಿ ಮೆಂತ್ಯೆ ಬಿತ್ತಿ ನೋಡಿರಿ. ಎರಡನೆಯ ಡಬ್ಬಿಯನ್ನು ಮನೆಯ ಮಕ್ಕಳೇ ತಂದಿಡುತ್ತಾರೆ.